ಮಡಿಕೇರಿಯಲ್ಲಿ ಎರಡು ದಿನಗಳ ಹೂಡಿಕೆ ಒಪ್ಪಂದ ತರಬೇತಿ: ಕಟ್ಟಿದ ಶುಲ್ಕಕ್ಕೆ ಸಿಕ್ಕಿದ್ದೇನು?

ಕೊಡವರ ಕಕ್ಕಡ ತಿಂಗಳ ಮಳೆ ಬಿಡದೆ ಸುರಿಯುತ್ತಿದ್ದ ಒಂದು ಶನಿವಾರ ಮತ್ತು ಭಾನುವಾರ ಮಡಿಕೇರಿಯ ಸಭಾಂಗಣವೊಂದರಲ್ಲಿ ನಡೆದ ತರಬೇತಿಗೆ ಮೂರೂವರೆ ಸಾವಿರ ರೂಪಾಯಿ ಶುಲ್ಕ ಕಟ್ಟಿ ಹೋಗಿ ಬಂದೆ. ವಿಷಯ, ಅಂತಾರಾಷ್ಟ್ರೀಯ ಹೂಡಿಕೆ ಒಪ್ಪಂದಗಳು ಮತ್ತು ಮಾನವ ಹಕ್ಕುಗಳು. ನಡೆಸಿದವರು ಬೆಂಗಳೂರಿನಿಂದ ಬಂದ ಒಂದು ಕಾನೂನು ತರಬೇತಿ ಸಂಸ್ಥೆಯವರು. ಇಲ್ಲಿ ಮೆಚ್ಚುಗೆಯ ಜೊತೆಗೆ ದೂರೂ ಸಾಕಷ್ಟು ಇರುವುದರಿಂದ ಸಂಸ್ಥೆಯ ಹೆಸರನ್ನು ಬರೆಯುವುದಿಲ್ಲ; ಇಂಥ ತರಬೇತಿಗೆ ಹಣ ಕಟ್ಟಬೇಕೇ ಎಂದು ಯೋಚಿಸುತ್ತಿರುವ ವಕೀಲರಿಗೂ ಬೆಳೆಗಾರರಿಗೂ ನನ್ನ ಅನುಭವ ಉಪಯೋಗಕ್ಕೆ ಬಂದರೆ ಸಾಕು.

ನಾನು ವಿರಾಜಪೇಟೆಯ ನ್ಯಾಯಾಲಯದಲ್ಲಿ ವಕೀಲಿ ಮಾಡುವವನು. ಇಪ್ಪತ್ತು ವರ್ಷಗಳಲ್ಲಿ ನನ್ನ ಕೈಗೆ ಬಂದ ಕಡತಗಳಲ್ಲಿ ಮುಕ್ಕಾಲು ಪಾಲು ವಂಶಪಾರಂಪರ್ಯದ ಜಮ್ಮಾ ಹಿಡುವಳಿ, ಗದ್ದೆಗೆ ಸೇರಿದ ಕಾಡುಜಾಗವಾದ ಬಾಣೆ, ಸರ್ಕಾರಿ ಜಾಗವಾದ ಪೈಸಾರಿ, ಪೌತಿ ಖಾತೆ ಮತ್ತು ಬೇಲಿ ತಗಾದೆಗಳಿಗೆ ಸೇರಿದವು. ಜಿನೀವಾ, ಹೇಗ್, ವಾಷಿಂಗ್ಟನ್‌ಗಳಲ್ಲಿ ಕೂರುವ ನ್ಯಾಯಮಂಡಳಿಗಳು ನನ್ನ ವೃತ್ತಿಗೆ ಸಂಬಂಧಪಟ್ಟವು ಎಂದು ನನಗೆ ಎಂದೂ ಅನಿಸಿರಲಿಲ್ಲ. ಆದರೆ ಹೋದ ವರ್ಷ ಪರಿಚಯದ ಬೆಳೆಗಾರರೊಬ್ಬರು ತಮ್ಮ ತೋಟವನ್ನು ವಿದೇಶಿ ಮೂಲದ ಕಂಪನಿಯೊಂದಕ್ಕೆ ದೀರ್ಘಾವಧಿ ಗುತ್ತಿಗೆಗೆ ಕೊಡುವ ಮಾತುಕತೆ ನಡೆಸಿ, ಕರಡನ್ನು ನನ್ನ ಮುಂದಿಟ್ಟರು. ಅದರ ಮೂವತ್ತನೆಯ ಚಿಲ್ಲರೆ ಷರತ್ತಿನಲ್ಲಿ, ಹೂಡಿಕೆದಾರರಿಗೆ ಅವರ ದೇಶ ಮತ್ತು ಭಾರತದ ನಡುವಿನ ಒಪ್ಪಂದದಲ್ಲಿರುವ ಯಾವ ಹಕ್ಕಿಗೂ ಈ ಗುತ್ತಿಗೆಯಿಂದ ಧಕ್ಕೆಯಾಗತಕ್ಕದ್ದಲ್ಲ ಎಂದು ಬರೆದಿತ್ತು. ಆ ಹಕ್ಕುಗಳು ಯಾವುವು ಎಂದು ಅವರು ಕೇಳಿದರು, ನನ್ನಲ್ಲಿ ಉತ್ತರವಿರಲಿಲ್ಲ. 2015ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರವು ಚಹಾ ತೋಟಗಳಿಗಷ್ಟೇ ಇದ್ದ ವಿದೇಶಿ ನೇರ ಹೂಡಿಕೆಯ ಅವಕಾಶವನ್ನು ಕಾಫಿ, ಏಲಕ್ಕಿ, ರಬ್ಬರ್ ಮುಂತಾದ ತೋಟಗಳಿಗೂ ವಿಸ್ತರಿಸಿ, ಶೇಕಡ 100ರಷ್ಟು ಹೂಡಿಕೆಗೆ ದಾರಿ ಮಾಡಿಕೊಟ್ಟಿತ್ತು. ದೇಶದ ಕಾಫಿಯಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಬೆಳೆಯುವ ಜಿಲ್ಲೆಯ ವಕೀಲನಿಗೆ ಇದು ಹತ್ತು ವರ್ಷ ತಡವಾಗಿ ಹೊಳೆದದ್ದಕ್ಕೆ ಬೇರೆ ಯಾರನ್ನೂ ದೂರುವಂತಿಲ್ಲ.

ಮೊದಲ ದಿನದ ಬೆಳಗಿನ ಪಾಠ ಚೆನ್ನಾಗಿತ್ತು. ಇಬ್ಬರು ಬೋಧಕರಲ್ಲಿ ಕಿರಿಯವರಾದ ಮಹಿಳೆಯು ಇತಿಹಾಸವನ್ನು ಇಪ್ಪತ್ತು ನಿಮಿಷಗಳಲ್ಲಿ ಮುಗಿಸಿದರು. 1959ರಲ್ಲಿ ಜರ್ಮನಿ ಮತ್ತು ಪಾಕಿಸ್ತಾನಗಳ ನಡುವೆ ಮೊದಲ ದ್ವಿಪಕ್ಷೀಯ ಹೂಡಿಕೆ ಒಪ್ಪಂದ, 1966ರಲ್ಲಿ ವಿಶ್ವಬ್ಯಾಂಕ್ ಸಮೂಹದ ಅಂಗವಾಗಿ ಇಕ್ಸಿಡ್ ಎಂಬ ವ್ಯಾಜ್ಯ ಪರಿಹಾರ ಕೇಂದ್ರ, 1994ರಲ್ಲಿ ಬ್ರಿಟನ್ನಿನೊಂದಿಗೆ ಭಾರತದ ಮೊದಲ ಒಪ್ಪಂದ. ಇಕ್ಸಿಡ್‌ಗೆ ಭಾರತ ಇಂದಿಗೂ ಸದಸ್ಯನಲ್ಲ. ಆದರೂ ಬೇರೆ ನಿಯಮಾವಳಿಗಳ ಅಡಿಯಲ್ಲಿ ಭಾರತದ ಮೇಲೆ ದಾವೆ ಹೂಡಲು ಅಡ್ಡಿಯಿಲ್ಲ. ಈ ಒಪ್ಪಂದಗಳ ಮರ್ಮವನ್ನು ಅವರು ಒಂದೇ ಮಾತಿನಲ್ಲಿ ತಿಳಿಸಿದರು: ಸಹಿ ಹಾಕುವವು ಎರಡು ದೇಶಗಳು, ಹಕ್ಕು ಸಿಗುವುದು ಮೂರನೆಯವನಾದ ಹೂಡಿಕೆದಾರನಿಗೆ, ಹೊಣೆ ಬೀಳುವುದು ಹೂಡಿಕೆ ಬಂದ ದೇಶದ ಮೇಲೆ. ಹೂಡಿಕೆದಾರನು ತನಗೆ ಅನ್ಯಾಯವಾಯಿತೆಂದು ಒಂದು ಸಾರ್ವಭೌಮ ದೇಶವನ್ನು ಖಾಸಗಿ ಮಧ್ಯಸ್ಥರ ಮುಂದೆ ನಿಲ್ಲಿಸಬಹುದು. ಜಗತ್ತಿನಲ್ಲಿ ಈವರೆಗೆ ಬಹಿರಂಗವಾಗಿರುವ ಇಂಥ ದಾವೆಗಳೇ 1,300ಕ್ಕೂ ಹೆಚ್ಚು.

ಕೈಪಿಡಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಶುಲ್ಕದ ಒಂದು ಭಾಗ ಅದರದೇ. ಸುರುಳಿ ಬೈಂಡಿಂಗಿನ ನೂರ ನಲವತ್ತು ಪುಟಗಳ ಈ ಕೈಪಿಡಿಯನ್ನು ಕನ್ನಡದಲ್ಲಿ ಕೊಟ್ಟದ್ದು ದೊಡ್ಡ ಕೆಲಸವೇ. ಆದರೆ ಹೂಡಿಕೆ ಪಡೆಯುವ ದೇಶಕ್ಕೆ ಉದ್ದಕ್ಕೂ ‘ಆತಿಥೇಯ ರಾಜ್ಯ’ ಎಂದು ಬರೆದಿದ್ದಾರೆ. ಕನ್ನಡದಲ್ಲಿ ರಾಜ್ಯ ಎಂದರೆ ನಮಗೆ ಹೊಳೆಯುವುದು ಕರ್ನಾಟಕ, ಕೇರಳ, ತಮಿಳುನಾಡು. ನನ್ನ ಪಕ್ಕದಲ್ಲಿ ಕುಳಿತಿದ್ದ ಸೋಮವಾರಪೇಟೆ ಕಡೆಯ ಹಿರಿಯ ಬೆಳೆಗಾರರು ಊಟದವರೆಗೂ ಈ ದಾವೆಗಳೆಲ್ಲ ವಿಧಾನಸೌಧದ ಮೇಲೆ ಹೂಡುವಂಥವು ಎಂದೇ ತಿಳಿದಿದ್ದರು. “ಹಾಗಾದರೆ ಕೇಂದ್ರ ಸರ್ಕಾರಕ್ಕೆ ಇದರಲ್ಲಿ ಏನು ಕೆಲಸ ಸಾರ್?” ಎಂದು ಅವರು ಕೇಳಿದಾಗಲೇ ತಪ್ಪು ಬೆಳಕಿಗೆ ಬಂದದ್ದು. ಹಿರಿಯ ಬೋಧಕರು ಇದನ್ನು ಭಾಷಾಂತರದ ಸಣ್ಣ ಲೋಪ ಎಂದು ನಕ್ಕು ಮುಂದೆ ಹೋದರು. ಅಷ್ಟು ಸಣ್ಣದಲ್ಲ. ರಾಜ್ಯ ಸರ್ಕಾರವೋ ಪಂಚಾಯಿತಿಯೋ ಮಾಡಿದ ಕೆಲಸಕ್ಕೆ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಉತ್ತರ ಕೊಡಬೇಕಾದವರು ದೆಹಲಿಯವರು ಎಂಬುದೇ ಈ ವಿಷಯದ ಹೃದಯ. ತಮಿಳುನಾಡು ಸರ್ಕಾರ ಕೊಡಬೇಕಾಗಿದ್ದ ಪ್ರೋತ್ಸಾಹಧನ ಬಾಕಿ ಉಳಿಯಿತೆಂದು ಜಪಾನಿನ ನಿಸಾನ್ ಕಂಪನಿ ದಾವೆ ಹೂಡಿದ್ದು ಭಾರತದ ಮೇಲೆ. ಅದು 2020ರಲ್ಲಿ ರಾಜಿಯಲ್ಲಿ ಮುಗಿಯಿತು. ನಾಳೆ ಕೊಡಗಿನಲ್ಲಿ ಒಂದು ಗ್ರಾಮಸಭೆ ಬೇಡವೆಂದ ಯೋಜನೆಗೂ ಇದೇ ದಾರಿ ಇದೆ. ಕೈಪಿಡಿಯಲ್ಲಿ ‘ರಾಜ್ಯ’ ಎಂಬ ಒಂದೇ ಪದ ಈ ಸಂಗತಿಯನ್ನು ಪೂರ್ತಿಯಾಗಿ ಮುಚ್ಚಿಹಾಕಿದೆ.

ಇನ್ನೊಂದು ಪದವೂ ಹೀಗೆಯೇ. ಹೆಚ್ಚು ಕಡಿಮೆ ಎಲ್ಲ ಹಳೆಯ ಒಪ್ಪಂದಗಳಲ್ಲಿರುವ, ಹೂಡಿಕೆದಾರರು ಎಲ್ಲಕ್ಕಿಂತ ಹೆಚ್ಚಾಗಿ ನೆಚ್ಚುವ ಷರತ್ತನ್ನು ಕೈಪಿಡಿಯು ‘ನ್ಯಾಯಯುತ ಮತ್ತು ಸಮಾನ ವರ್ತನೆ’ ಎಂದಿದೆ. ಅಲ್ಲಿ ಇರುವುದು ಸಮಾನತೆಯ ಮಾತಲ್ಲ, ಧರ್ಮಸಮ್ಮತವಾಗಿ ನಡೆಸಿಕೊಳ್ಳುವ ಮಾತು. ಸ್ಥಳೀಯರಿಗೆ ಸಿಕ್ಕಷ್ಟೇ ನನಗೂ ಸಿಕ್ಕಿತು ಎಂಬ ಸಮಾಧಾನಕ್ಕೆ ಅಲ್ಲಿ ಜಾಗವಿಲ್ಲ. ಸ್ಥಳೀಯರಿಗೆ ಸಿಗುವುದೇ ಕಳಪೆಯಾಗಿದ್ದರೆ ಹೂಡಿಕೆದಾರನು ಅದಕ್ಕಿಂತ ಮೇಲಿನದನ್ನು ಕೇಳಬಹುದು. ಈ ವ್ಯತ್ಯಾಸ ಗೊತ್ತಾಗದೆ ವೈಟ್ ಇಂಡಸ್ಟ್ರೀಸ್ ಪ್ರಕರಣ ಅರ್ಥವಾಗುವುದಿಲ್ಲ.

ಆ ಪ್ರಕರಣವನ್ನು ಹೇಳಿಕೊಟ್ಟ ರೀತಿಗೆ ಮಾತ್ರ ನಾನು ಪೂರ್ಣ ಅಂಕ ಕೊಡುತ್ತೇನೆ. ಆಸ್ಟ್ರೇಲಿಯಾದ ಈ ಕಂಪನಿಗೆ ಪಿಪರವಾರ್ ಕಲ್ಲಿದ್ದಲು ಗಣಿಯ ಗುತ್ತಿಗೆಗೆ ಸಂಬಂಧಿಸಿ ಕೋಲ್ ಇಂಡಿಯಾ ವಿರುದ್ಧ 2002ರಲ್ಲಿ ಮಧ್ಯಸ್ಥಿಕೆ ತೀರ್ಪು ಸಿಕ್ಕಿತ್ತು. ಅದನ್ನು ಜಾರಿ ಮಾಡಿಸಿಕೊಳ್ಳಲು ದೆಹಲಿ ಹೈಕೋರ್ಟ್, ರದ್ದು ಮಾಡಿಸಲು ಕೋಲ್ ಇಂಡಿಯಾ ಹೋದ ಕಲ್ಕತ್ತಾ ಹೈಕೋರ್ಟ್, ಕೊನೆಗೆ ಸುಪ್ರೀಂ ಕೋರ್ಟ್, ಹೀಗೆ ಒಂಬತ್ತು ವರ್ಷ ಕಳೆದವು. ಈ ವಿಳಂಬದ ಬಗ್ಗೆ ಕಂಪನಿಯು ಹೂಡಿಕೆ ಒಪ್ಪಂದದಡಿ ಭಾರತದ ಮೇಲೆ ಹೂಡಿದ ದಾವೆಯಲ್ಲಿ, 2011ರ ನವೆಂಬರ್‌ನಲ್ಲಿ ನ್ಯಾಯಮಂಡಳಿಯು ಭಾರತ ತಪ್ಪಿತಸ್ಥ ಎಂದಿತು. ತಮಾಷೆಯೆಂದರೆ, ತೀರ್ಪಿಗೆ ಆಧಾರವಾದ ‘ಹಕ್ಕು ಸಾಧಿಸಿಕೊಳ್ಳಲು ಪರಿಣಾಮಕಾರಿ ಮಾರ್ಗ’ ಎಂಬ ಷರತ್ತು ಭಾರತ-ಆಸ್ಟ್ರೇಲಿಯಾ ಒಪ್ಪಂದದಲ್ಲಿ ಇರಲೇ ಇಲ್ಲ. ಭಾರತ ಕುವೈತ್‌ನೊಂದಿಗೆ ಮಾಡಿಕೊಂಡ ಒಪ್ಪಂದದಲ್ಲಿ ಅದು ಇತ್ತು. ಇತರ ದೇಶದವರಿಗೆ ಕೊಟ್ಟ ಹೆಚ್ಚಿನ ಸವಲತ್ತು ನಮಗೂ ಸಲ್ಲಬೇಕು ಎಂಬ ಅತ್ಯಂತ ಆಪ್ತ ರಾಷ್ಟ್ರದ ಷರತ್ತನ್ನು ಹಿಡಿದು ಕಂಪನಿಯು ಅದನ್ನು ಅಲ್ಲಿಂದ ಎತ್ತಿಕೊಂಡು ಬಂತು. ಬೋಧಕಿಯು ಎರಡು ಒಪ್ಪಂದಗಳ ಆ ಎರಡು ಪರಿಚ್ಛೇದಗಳನ್ನು ಅಕ್ಕಪಕ್ಕ ಅಂಟಿಸಿದ ಹಾಳೆಯೊಂದನ್ನು ನಮ್ಮ ಕೈಗಿತ್ತು, ಪೆನ್ಸಿಲ್ಲಿನಿಂದ ಗೆರೆ ಎಳೆದು ಸೇರಿಸಲು ಹೇಳಿದರು. ಗೆರೆ ಎಳೆದು ಮುಗಿಯುವಷ್ಟರಲ್ಲಿ ನನ್ನ ಮುಂದಿದ್ದ ಗುತ್ತಿಗೆ ಕರಡಿನ ಆ ಷರತ್ತಿನ ಬಾಲ ಎಲ್ಲಿಯವರೆಗೆ ಹೋಗುತ್ತದೆ ಎಂಬುದು ನನಗೆ ಕಂಡಿತು. ಮೂರೂವರೆ ಸಾವಿರದಲ್ಲಿ ಎರಡು ಸಾವಿರ ಅಲ್ಲಿಯೇ ವಸೂಲಾಯಿತು.

ನಮ್ಮ ನ್ಯಾಯಾಲಯಗಳಲ್ಲಿ ಒಂಬತ್ತು ವರ್ಷದ ವ್ಯಾಜ್ಯವನ್ನು ಯಾರೂ ಹಳೆಯದು ಎನ್ನುವುದಿಲ್ಲ. ಬಾಣೆಯ ತಗಾದೆಗಳಲ್ಲಿ ಅಜ್ಜ ಹಾಕಿದ ದಾವೆಗೆ ಮೊಮ್ಮಗ ಸಾಕ್ಷಿ ಹೇಳಿದ್ದನ್ನು ನಾನೇ ಕಂಡಿದ್ದೇನೆ. ಸಕಾಲದಲ್ಲಿ ನ್ಯಾಯ ಸಿಗುವುದು ಮಾನವ ಹಕ್ಕು ಎಂದು ಪಠ್ಯಪುಸ್ತಕಗಳೆಲ್ಲ ಹೇಳುತ್ತವೆ. ಅದೇ ವಿಳಂಬಕ್ಕೆ ಆಸ್ಟ್ರೇಲಿಯಾದ ಕಂಪನಿಗೆ ಪರಿಹಾರ ಸಿಕ್ಕಿತು, ನನ್ನ ಕಕ್ಷಿದಾರನಿಗೆ ಮುಂದಿನ ವಾಯಿದೆ ಸಿಕ್ಕಿತು. ಹೂಡಿಕೆ ಒಪ್ಪಂದಕ್ಕೂ ಮಾನವ ಹಕ್ಕುಗಳಿಗೂ ಇರುವ ಸಂಬಂಧವನ್ನು ಆರಂಭಿಸಬೇಕಾದದ್ದು ಇಲ್ಲಿಂದ ಎಂದು ನನಗೆ ತೋರುತ್ತದೆ. ತರಬೇತಿಯು ಅದನ್ನು ಆರಂಭಿಸಿದ್ದು ಎರಡನೆಯ ದಿನದ ಮಧ್ಯಾಹ್ನ, ಊಟದ ಮಂಪರಿನ ಹೊತ್ತಿನಲ್ಲಿ.

ಮೊದಲ ದಿನದ ಮಧ್ಯಾಹ್ನವೆಲ್ಲ ತೆರಿಗೆಗೆ ಹೋಯಿತು. ವೊಡಾಫೋನ್ ಮತ್ತು ಕೇರ್ನ್ ಪ್ರಕರಣಗಳು, ಹಿಂದಿನ ವ್ಯವಹಾರಗಳಿಗೂ ತೆರಿಗೆ ಹಾಕಿದ 2012ರ ಪೂರ್ವಾನ್ವಯ ತಿದ್ದುಪಡಿ, 2020ರಲ್ಲಿ ಎರಡೂ ಕಡೆ ಭಾರತಕ್ಕೆ ಸೋಲು, ಕೇರ್ನ್‌ಗೆ ಸುಮಾರು 120 ಕೋಟಿ ಡಾಲರ್ ಪರಿಹಾರದ ಆದೇಶ, 2021ರ ಆಗಸ್ಟ್‌ನಲ್ಲಿ ಆ ತೆರಿಗೆಯನ್ನೇ ಕೈಬಿಟ್ಟ ಕಾಯ್ದೆ. ಲೆಕ್ಕಪರಿಶೋಧಕರಿಗೆ ಇದು ಹಬ್ಬದೂಟವಾಗಿರಬಹುದು. ಹಿರಿಯ ಬೋಧಕರು ಬಹುಶಃ ತಮಗೆ ಚೆನ್ನಾಗಿ ಗೊತ್ತಿರುವುದನ್ನೇ ಹೇಳಿದರು. ಅದರ ಕೊನೆಯಲ್ಲಿ ಭಾರತದ 2016ರ ಮಾದರಿ ಒಪ್ಪಂದಕ್ಕೆ ಕೊಟ್ಟ ಅರ್ಧ ಗಂಟೆ ಮಾತ್ರ ಬೆಲೆಬಾಳುವಂಥದ್ದು. ವೈಟ್ ಇಂಡಸ್ಟ್ರೀಸ್ ಪೆಟ್ಟಿನ ನಂತರ ಸರ್ಕಾರವು ಆಪ್ತ ರಾಷ್ಟ್ರದ ಷರತ್ತನ್ನು ಕಿತ್ತುಹಾಕಿತು, ತೆರಿಗೆಯನ್ನು ಹೊರಗಿಟ್ಟಿತು, ಹೊರಗೆ ಹೋಗುವ ಮುನ್ನ ಐದು ವರ್ಷ ಇಲ್ಲಿನ ನ್ಯಾಯಾಲಯಗಳಲ್ಲಿ ಪ್ರಯತ್ನಿಸಬೇಕೆಂದಿತು, ಹಳೆಯ ಒಪ್ಪಂದಗಳಲ್ಲಿ ಐವತ್ತಕ್ಕೂ ಹೆಚ್ಚಿನವುಗಳಿಗೆ ಮುಕ್ತಾಯದ ನೋಟಿಸ್ ಕೊಟ್ಟಿತು. ಅಷ್ಟೆಲ್ಲ ಬಿಗಿದ ಮೇಲೆ 2024ರಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್‌ನೊಂದಿಗೆ ಮಾಡಿಕೊಂಡ ಹೊಸ ಒಪ್ಪಂದದಲ್ಲಿ ಐದು ವರ್ಷ ಮೂರಕ್ಕೆ ಇಳಿಯಿತು. ಮಾದರಿ ಒಪ್ಪಂದದಲ್ಲಿ ಹೂಡಿಕೆದಾರರ ಸಾಮಾಜಿಕ ಹೊಣೆಗಾರಿಕೆಯ ಪರಿಚ್ಛೇದವೂ ಒಂದಿದೆ. ಮಾನವ ಹಕ್ಕು, ಕಾರ್ಮಿಕರು, ಪರಿಸರ ಎಲ್ಲವೂ ಅದರಲ್ಲಿ ಬರುತ್ತವೆ, ಆದರೆ ಸ್ವಯಂಪ್ರೇರಣೆಯಿಂದ ಪಾಲಿಸಿದರೆ ಉಂಟು, ಇಲ್ಲದಿದ್ದರೆ ಇಲ್ಲ.

ಊಟದ ಬಗ್ಗೆ ದೂರಿಲ್ಲ. ಮೊದಲ ದಿನ ಕಣಿಲೆ ಪಲ್ಯ, ಕಡಂಬುಟ್ಟು. ಎರಡನೆಯ ದಿನ ಕಕ್ಕಡ ಹದಿನೆಂಟು ಬಂದಿದ್ದರಿಂದ ಅಡುಗೆಯವರು ತಾವಾಗಿಯೇ ಮದ್ದು ಸೊಪ್ಪಿನ ಪಾಯಸ ಮಾಡಿದ್ದರು. ಕಾಫಿ ಮಾತ್ರ ಯಂತ್ರದ್ದು. ಗುಂಡಿ ಒತ್ತಿದರೆ ಪುಡಿ, ಹಾಲಿನ ಹುಡಿ, ಸಕ್ಕರೆ ಒಟ್ಟಿಗೆ ಬೀಳುವ ಆ ದ್ರವವನ್ನು ಮಡಿಕೇರಿಯಲ್ಲಿ, ಅದರಲ್ಲೂ ಅರ್ಧಕ್ಕರ್ಧ ಬೆಳೆಗಾರರಿದ್ದ ಸಭೆಗೆ ಕೊಟ್ಟದ್ದು ಸಂಘಟಕರ ಧೈರ್ಯ.

ಎರಡನೆಯ ದಿನದ ಬೆಳಗಿನ ಅವಧಿ ಅಣಕು ವಿಚಾರಣೆಗೆ ಮೀಸಲಾಗಿತ್ತು. ಕಥೆ ಸರಳ: ವಿದೇಶಿ ಕಂಪನಿಯೊಂದು ದೊಡ್ಡ ಕಾಫಿ ತೋಟ ಕೊಳ್ಳುತ್ತದೆ, ರೆಸಾರ್ಟ್ ಕಟ್ಟಲು ಅನುಮತಿ ಸಿಗುವುದೆಂದು ನಂಬಿರುತ್ತದೆ, ತೋಟ ಕಾರ್ಮಿಕರ ಸಾಲು ಮನೆಗಳಾದ ಲೈನ್ ಮನೆಗಳ ಕುಟುಂಬಗಳು ತಮ್ಮ ವಾಸದ ಹಕ್ಕಿಗಾಗಿ ಎದ್ದು ನಿಲ್ಲುತ್ತವೆ, ಸರ್ಕಾರ ಅನುಮತಿ ನಿರಾಕರಿಸುತ್ತದೆ, ಕಂಪನಿ ದಾವೆ ಹೂಡುತ್ತದೆ. ನಮ್ಮನ್ನು ಮೂರು ಗುಂಪು ಮಾಡಿದರು. ಒಂದು ಕಂಪನಿ, ಒಂದು ಸರ್ಕಾರ, ಮೂರನೆಯದು ಲೈನ್ ಮನೆಗಳವರು. ನನ್ನ ಪಾಲಿಗೆ ಮೂರನೆಯ ಗುಂಪು ಬಂತು. ನಾವು ಹತ್ತು ಜನರಿದ್ದೆವು; ಗೋಣಿಕೊಪ್ಪದ ಕಡೆ ತೋಟ ಕಾರ್ಮಿಕ ಮಹಿಳೆಯರ ನಡುವೆ ಕೆಲಸ ಮಾಡುವ ಒಬ್ಬ ಅಕ್ಕನೂ ಇದ್ದರು. ನಮಗೆ ಕೊಟ್ಟ ಚೀಟಿಯಲ್ಲಿ, ನೀವು ಪಕ್ಷಕಾರರಲ್ಲ, ಎರಡು ಪುಟಗಳ ಲಿಖಿತ ಮನವಿಯನ್ನು ಸಲ್ಲಿಸಬಹುದು, ಅದನ್ನು ಸ್ವೀಕರಿಸುವುದು ಮಂಡಳಿಯ ವಿವೇಚನೆಗೆ ಬಿಟ್ಟದ್ದು, ವಿಚಾರಣೆಯ ವೇಳೆ ಹೊರಗಿರಬೇಕು ಎಂದಿತ್ತು. ಬರೆದು ಕೊಟ್ಟೆವು. ಬಾಗಿಲು ಹಾಕಿಕೊಂಡರು. ಒಂದೂವರೆ ಗಂಟೆ ನಾವು ಹತ್ತು ಮಂದಿ ಜಗಲಿಯಲ್ಲಿ ಮಳೆಯ ಇರಚಲಿಗೆ ಸಿಕ್ಕದಂತೆ ಗೋಡೆಗೆ ಒತ್ತಿ ನಿಂತು, ಯಂತ್ರದ ಕಾಫಿ ಕುಡಿದೆವು. ಒಳಗಿನಿಂದ ಮೈಕಿನ ಸದ್ದು ಬರುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಅರ್ಧ ಗಂಟೆಯಾದ ಮೇಲೆ ನನಗೆ ಸಿಟ್ಟು ಬಂತು. ಒಳಗಿರುವವರು ಕಟ್ಟಿದಷ್ಟೇ ಶುಲ್ಕ ನಾನೂ ಕಟ್ಟಿದ್ದೆ. ಅಕ್ಕ ನಕ್ಕು, “ವಕೀಲರೇ, ನೀವು ಅರ್ಧ ಗಂಟೆ ನಿಂತಿದ್ದೀರಿ, ಅಷ್ಟೇ” ಎಂದರು. ನಾನು ಆಮೇಲೆ ಮಾತನಾಡಲಿಲ್ಲ.

ನಮ್ಮ ಚೀಟಿಯಲ್ಲಿದ್ದದ್ದು ಕಟ್ಟುಕಥೆಯಲ್ಲ ಎಂಬುದು ಮಧ್ಯಾಹ್ನದ ಪಾಠದಲ್ಲಿ ತಿಳಿಯಿತು. ಬೊಲಿವಿಯಾದ ಕೊಚಬಂಬಾದಲ್ಲಿ ನೀರು ಸರಬರಾಜನ್ನು ಖಾಸಗಿಯವರಿಗೆ ಕೊಟ್ಟ ಮೇಲೆ ದರ ಏರಿ, 2000ದಲ್ಲಿ ಜನ ಬೀದಿಗಿಳಿದು, ಕಂಪನಿ ಊರು ಬಿಟ್ಟಿತು. ಬಳಿಕ ಅದು ಬೊಲಿವಿಯಾದ ಮೇಲೆ ಇಕ್ಸಿಡ್‌ನಲ್ಲಿ ದಾವೆ ಹೂಡಿದಾಗ, ನೀರಿಗಾಗಿ ಹೋರಾಡಿದವರೇ ವಿಚಾರಣೆಯಲ್ಲಿ ಪಾಲ್ಗೊಳ್ಳಲು ಕೇಳಿದರು. ಪಕ್ಷಕಾರರ ಒಪ್ಪಿಗೆಯಿಲ್ಲದೆ ಬಿಡಲಾಗದು ಎಂದು ಮಂಡಳಿ ನಿರಾಕರಿಸಿತು. ದಾವೆಯು 2006ರಲ್ಲಿ ನಾಮಮಾತ್ರದ ಮೊತ್ತಕ್ಕೆ ರಾಜಿಯಾದದ್ದು ಜಗತ್ತಿನಾದ್ಯಂತ ಎದ್ದ ಒತ್ತಡದಿಂದ. ಜಿಂಬಾಬ್ವೆಯ ಫಾನ್ ಪೆಜೋಲ್ಡ್ ಪ್ರಕರಣ ನಮಗೆ ಇನ್ನೂ ಹತ್ತಿರದ್ದು. ಅಲ್ಲಿನ ಸರ್ಕಾರ ಕಸಿದುಕೊಂಡ, ವಿದೇಶಿ ಹೂಡಿಕೆದಾರರ ತೋಟಗಳಲ್ಲಿ ಚಹಾ ಮತ್ತು ಕಾಫಿ ಕಂಪನಿಯೊಂದರ ತೋಟವೂ ಇತ್ತು. ವಿವಾದದಲ್ಲಿದ್ದ ನೆಲದ ಒಂದು ಭಾಗ ತಮ್ಮ ಪೂರ್ವಜರದು ಎಂದು ಚಿಮನಿಮನಿ ಪ್ರದೇಶದ ನಾಲ್ಕು ಮೂಲನಿವಾಸಿ ಸಮುದಾಯಗಳು ಮನವಿ ಸಲ್ಲಿಸಲು ಬಂದಾಗ, 2012ರಲ್ಲಿ ಮಂಡಳಿ ಅವರನ್ನು ಸೇರಿಸಿಕೊಳ್ಳಲಿಲ್ಲ. ಅವರು ಎತ್ತುವ ಮಾನವ ಹಕ್ಕುಗಳ ಪ್ರಶ್ನೆ ಈ ವ್ಯಾಜ್ಯಕ್ಕೆ ಸೇರಿದ್ದಲ್ಲ ಎಂಬ ಅಭಿಪ್ರಾಯವೂ ನಿರಾಕರಣೆಯ ಹಿಂದಿತ್ತು. 2015ರ ತೀರ್ಪಿನಲ್ಲಿ ತೋಟಗಳನ್ನು ಹೂಡಿಕೆದಾರರಿಗೆ ಹಿಂದಿರುಗಿಸಲು ಆದೇಶವಾಯಿತು. ಬಿಳಿಯರ ಕೈಯಿಂದ ಭೂಮಿಯನ್ನು ಕಸಿದುಕೊಂಡ ಅಲ್ಲಿನ ಸರ್ಕಾರವೇನೂ ನಿರ್ದೋಷಿಯಲ್ಲ. ನನ್ನ ಮಾತು ಜಗಲಿಯಲ್ಲಿ ನಿಂತವರ ಬಗ್ಗೆ.

ಬಾಗಿಲು ಯಾವಾಗಲೂ ಮುಚ್ಚಿಯೇ ಇರುತ್ತದೆ ಎಂದೂ ಹೇಳುವಂತಿಲ್ಲ, ಮತ್ತು ಈ ಭಾಗದಲ್ಲಿ ಬೋಧಕಿಯು ಎರಡೂ ಕಡೆಯನ್ನು ಪ್ರಾಮಾಣಿಕವಾಗಿ ತೂಗಿದರು. ಸಿಗರೇಟ್ ಪೊಟ್ಟಣದ ಶೇಕಡ 80 ಭಾಗವನ್ನು ಎಚ್ಚರಿಕೆಯ ಚಿತ್ರ ತುಂಬಬೇಕೆಂದ ಉರುಗ್ವೆಯ ಮೇಲೆ ಫಿಲಿಪ್ ಮೋರಿಸ್ ಹೂಡಿದ ದಾವೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಲಿಖಿತ ಅಭಿಪ್ರಾಯವನ್ನು ಮಂಡಳಿ ಸ್ವೀಕರಿಸಿತು, 2016ರಲ್ಲಿ ದೇಶವೇ ಗೆದ್ದಿತು, ವ್ಯಾಜ್ಯದ ಖರ್ಚಿಗೆ 70 ಲಕ್ಷ ಡಾಲರ್ ಕೂಡ ಸಿಕ್ಕಿತು. ಆದರೆ ಗೆಲ್ಲಲು ಆರು ವರ್ಷ ಬೇಕಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅರ್ಜೆಂಟೀನಾ ವಿರುದ್ಧದ ಉರ್ಬಾಸರ್ ಪ್ರಕರಣದಲ್ಲಿ, ನೀರಿನ ಹಕ್ಕನ್ನು ಕಂಪನಿಯೇ ಉಲ್ಲಂಘಿಸಿದೆ ಎಂದು ದೇಶವು ಹಾಕಿದ ಪ್ರತಿದಾವೆಯನ್ನು ಮಂಡಳಿಯೊಂದು ಮೊದಲ ಬಾರಿಗೆ ವಿಚಾರಣೆಗೆ ಎತ್ತಿಕೊಂಡಿತು. ಅಂತಿಮವಾಗಿ ತಿರಸ್ಕರಿಸಿತಾದರೂ, ಹೂಡಿಕೆದಾರರಿಗೆ ಮಾನವ ಹಕ್ಕುಗಳ ಹೊಣೆ ಏನೇನೂ ಇಲ್ಲ ಎಂಬ ಹಳೆಯ ವಾದವನ್ನು ಒಪ್ಪಲಿಲ್ಲ. ಈಜಿಪ್ಟಿನಲ್ಲಿ ಕನಿಷ್ಠ ವೇತನ ಏರಿದ್ದನ್ನೂ ತನ್ನ ತಕರಾರಿನಲ್ಲಿ ಸೇರಿಸಿದ್ದ ವಿಯೋಲಿಯಾ ಕಂಪನಿಯ ದಾವೆಯೂ 2018ರಲ್ಲಿ ಬಿದ್ದುಹೋಯಿತು. ಮನೆ, ಆಸ್ಪತ್ರೆ, ಶಿಶುವಿಹಾರಗಳ ಹೊಣೆಯನ್ನು ಮಾಲೀಕನ ಮೇಲೆ ಹೊರಿಸಿದ 1951ರ ತೋಟ ಕಾರ್ಮಿಕರ ಕಾಯ್ದೆಯನ್ನು ಕಂಡ ನಮ್ಮ ಜಿಲ್ಲೆಗೆ ಈ ಕೊನೆಯ ಪ್ರಕರಣ ಬಹಳ ಮುಖ್ಯ. ಅದಕ್ಕೆ ಸಿಕ್ಕಿದ್ದು ಎರಡು ನಿಮಿಷ.

ನನ್ನ ಮುಖ್ಯ ದೂರು ಇಲ್ಲಿದೆ. ಬೊಲಿವಿಯಾ, ಉರುಗ್ವೆ, ಅರ್ಜೆಂಟೀನಾಗಳನ್ನೆಲ್ಲ ಸುತ್ತಿದ ತರಬೇತಿಯು ವಿಶಾಖಪಟ್ಟಣದ ಬಾಕ್ಸೈಟ್ ಬೆಟ್ಟಗಳನ್ನು ಒಂದೇ ಸ್ಲೈಡಿನಲ್ಲಿ ದಾಟಿತು. ಆಂಧ್ರದ ಆದಿವಾಸಿ ಪ್ರದೇಶದ ಬಾಕ್ಸೈಟ್ ಪೂರೈಕೆಯ ಒಪ್ಪಂದ ಜನರ ವಿರೋಧದ ನಡುವೆ ರದ್ದಾದ ಮೇಲೆ, ಎಮಿರೇಟ್ಸ್‌ಗೆ ಸೇರಿದ ರಾಸ್ ಅಲ್ ಖೈಮಾದ ಹೂಡಿಕೆ ಪ್ರಾಧಿಕಾರವು ಆ ದೇಶದೊಂದಿಗಿನ ಹಳೆಯ ಒಪ್ಪಂದದಡಿ ಭಾರತದ ಮೇಲೆ ದಾವೆ ಹೂಡಿತ್ತು. ಆದಿವಾಸಿಗಳ ರಕ್ಷಣೆಗಾಗಿ ಸಂವಿಧಾನದಡಿ ಗುರುತಿಸಿದ ಅನುಸೂಚಿತ ಪ್ರದೇಶದ ನೆಲವನ್ನು ಖಾಸಗಿ ಗಣಿಗಾರಿಕೆಗೆ ಕೊಡುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 1997ರ ಸಮತಾ ತೀರ್ಪಿನಲ್ಲಿ ಹೇಳಿದೆ. ಒಂದು ಕಡೆ ಸಂವಿಧಾನ ಆದಿವಾಸಿಗೆ ಕೊಟ್ಟ ರಕ್ಷಣೆ, ಇನ್ನೊಂದು ಕಡೆ ಒಪ್ಪಂದ ಹೂಡಿಕೆದಾರನಿಗೆ ಕೊಟ್ಟ ಭರವಸೆ. ಎರಡೂ ಒಂದೇ ಬೆಟ್ಟದ ಮೇಲೆ ಎದುರಾದ ಈ ಉದಾಹರಣೆಗಿಂತ ಉತ್ತಮವಾದ ಪಾಠ ಎಲ್ಲಿ ಸಿಗುತ್ತದೆ? ಕೊಡಗಿನ ಮಟ್ಟಿಗೆ ಅದನ್ನು ಇನ್ನೂ ಮುಂದಕ್ಕೆ ಒಯ್ಯಬೇಕಿತ್ತು. ಕರ್ನಾಟಕದಲ್ಲಿ ಸಂವಿಧಾನದ ಐದನೆಯ ಅನುಸೂಚಿಯಡಿ ಬರುವ ಅಂಥ ಪ್ರದೇಶವೇ ಇಲ್ಲ. ಆದ್ದರಿಂದ ಜೇನುಕುರುಬರಿಗೂ ಎರವರಿಗೂ ಸಮತಾ ತೀರ್ಪಿನ ನೆರಳು ನೇರವಾಗಿ ದಕ್ಕುವುದಿಲ್ಲ. ಅವರ ಕೈಯಲ್ಲಿರುವುದು ಮುಖ್ಯವಾಗಿ 2006ರ ಅರಣ್ಯ ಹಕ್ಕು ಕಾಯ್ದೆ. 2016ರ ಡಿಸೆಂಬರ್‌ನಲ್ಲಿ ಕೊಡಗಿನ ದಿಡ್ಡಳ್ಳಿಯಲ್ಲಿ ಆದಿವಾಸಿಗಳ ಗುಡಿಸಲುಗಳನ್ನು ಕೆಡವಿದಾಗ ಬಯಲಿಗೆ ಬಿದ್ದವರಲ್ಲಿ ಅನೇಕರು ಲೈನ್ ಮನೆಗಳಿಂದ ಹೊರಬಂದವರೇ. ತರಬೇತಿಯ ಎರಡು ದಿನಗಳಲ್ಲಿ ದಿಡ್ಡಳ್ಳಿ ಎಂಬ ಹೆಸರು ವೇದಿಕೆಯಿಂದ ಬರಲಿಲ್ಲ, ಜಗಲಿಯಲ್ಲಿ ಮಾತ್ರ ಬಂತು.

ನಾಗರಹೊಳೆಯ ಕಥೆಯನ್ನಾದರೂ ಸೇರಿಸಿಕೊಳ್ಳಬಹುದಿತ್ತು. 1990ರ ದಶಕದಲ್ಲಿ ಕಾಡಿನೊಳಗಿನ ವಸತಿಗೃಹವನ್ನು ಒಂದು ಹೋಟೆಲ್ ಸಮೂಹಕ್ಕೆ ಗುತ್ತಿಗೆ ಕೊಟ್ಟಿದ್ದು, ಆದಿವಾಸಿಗಳು ಹೋರಾಡಿದ್ದು, 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಎಂದದ್ದು ಇಲ್ಲಿನ ಹಿರಿಯರಿಗೆಲ್ಲ ನೆನಪಿದೆ. ಗುತ್ತಿಗೆದಾರರು ಭಾರತೀಯರಾಗಿದ್ದರಿಂದ ವಿಷಯ ಹೈಕೋರ್ಟಿನಲ್ಲಿ ಮುಗಿಯಿತು; ವಿದೇಶಿಯರಾಗಿದ್ದು ಹಳೆಯ ಬಗೆಯ ಒಪ್ಪಂದವೊಂದು ಅವರ ಜೇಬಿನಲ್ಲಿದ್ದಿದ್ದರೆ, ಸರ್ಕಾರವೇ ಕೊಟ್ಟ ಗುತ್ತಿಗೆಯನ್ನು ನಂಬಿ ಹಣ ಸುರಿದೆವು ಎಂಬ ವಾದ ಅಲ್ಲಿಂದ ಆರಂಭವಾಗುತ್ತಿತ್ತು. ಮರುವರ್ಷ, 1998ರಲ್ಲಿ, ನಾಗರಹೊಳೆಯ ಆದಿವಾಸಿಗಳು ಪರಿಸರ ಅಭಿವೃದ್ಧಿ ಯೋಜನೆಯ ವಿರುದ್ಧ ವಿಶ್ವಬ್ಯಾಂಕಿನ ತಪಾಸಣಾ ಸಮಿತಿಗೆ ದೂರು ಕೊಟ್ಟರು. ತನಿಖೆ ಆಗಬೇಕೆಂದು ಸಮಿತಿ ಶಿಫಾರಸು ಮಾಡಿತು, ಬ್ಯಾಂಕಿನ ನಿರ್ದೇಶಕ ಮಂಡಳಿ ತನಿಖೆಗೆ ಒಪ್ಪಲಿಲ್ಲ. ಇಕ್ಸಿಡ್ ಇರುವುದೂ ವಿಶ್ವಬ್ಯಾಂಕ್ ಸಮೂಹದಲ್ಲಿಯೇ. ಒಂದೇ ಮನೆಗೆ ಎರಡು ಬಾಗಿಲು: ಹೂಡಿಕೆದಾರ ತಟ್ಟುವ ಬಾಗಿಲಿನಿಂದ ದೇಶಗಳ ಖಜಾನೆಯಿಂದ ವಸೂಲು ಮಾಡಬಲ್ಲ ತೀರ್ಪು ಹೊರಬರುತ್ತದೆ, ನಾಗರಹೊಳೆಯ ಹಾಡಿಯವರು ತಟ್ಟಿದ ಬಾಗಿಲಿನಿಂದ ಶಿಫಾರಸು ಹೊರಬರುತ್ತದೆ, ಅದೂ ಮೇಲಿನವರು ಒಪ್ಪಿದರೆ. ಮಡಿಕೇರಿಯಲ್ಲಿ ನಿಂತು ಈ ವಿಷಯ ಕಲಿಸುವವರಿಗೆ ಇದಕ್ಕಿಂತ ಸಿದ್ಧವಾದ ಪಾಠ ಬೇರೆ ಬೇಕಿಲ್ಲ. ಸಂಸ್ಥೆಯು ಬೆಂಗಳೂರಿನಲ್ಲಿ ತಯಾರಿಸಿದ ಸ್ಲೈಡುಗಳನ್ನು ಹಾಗೆಯೇ ಘಟ್ಟ ಹತ್ತಿಸಿದೆ.

ಪ್ರಶ್ನೋತ್ತರಕ್ಕೆ ಉಳಿದದ್ದು ಹದಿನೈದು ನಿಮಿಷ. ಸೋಮವಾರಪೇಟೆಯ ಹಿರಿಯರು ಒಳ್ಳೆಯ ಪ್ರಶ್ನೆ ಕೇಳಿದರು: ಮರದ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ, ಅಂದರೆ ರಿಡೀಮ್ ಆಗದ ಬಾಣೆಯ ಮರದ ಮೇಲೆ ಸರ್ಕಾರದ ಹಕ್ಕಿದೆ, ವಿದೇಶಿ ಕಂಪನಿ ಅಂಥ ತೋಟವನ್ನು ಕೊಂಡರೆ ಆ ಮರ ಅದರ ‘ಹೂಡಿಕೆ’ಗೆ ಸೇರುತ್ತದೆಯೇ? ಹಿರಿಯ ಬೋಧಕರಿಗೆ ಬಾಣೆ ಎಂದರೇನೆಂದು ವಿವರಿಸುವಷ್ಟರಲ್ಲಿ ಸಮಯ ಮುಗಿಯಿತು. ಬೋಧಕಿ ಮಾತ್ರ ಪುಸ್ತಕ ತೆಗೆದು ಬರೆದುಕೊಂಡು, ಒಪ್ಪಂದದಲ್ಲಿ ಹೂಡಿಕೆಯ ವ್ಯಾಖ್ಯೆ ಎಷ್ಟು ಅಗಲವಿದ್ದರೂ, ಆಸ್ತಿಯ ಹಕ್ಕು ಹುಟ್ಟಿದೆಯೇ ಇಲ್ಲವೇ ಎಂಬುದನ್ನು ಮೊದಲು ಇಲ್ಲಿನ ಕಾನೂನಿನಿಂದಲೇ ನೋಡಬೇಕಾಗುತ್ತದೆ ಎಂದರು. ಸರಿಯಾದ ಉತ್ತರ. ಹೂಡಿಕೆ ಒಪ್ಪಂದಗಳನ್ನು ಮಾಡಿಕೊಳ್ಳುವಾಗ ಮಾನವ ಹಕ್ಕುಗಳ ಹೊಣೆ ನಿಭಾಯಿಸಲು ಬೇಕಾದ ನೀತಿಯ ಅವಕಾಶವನ್ನು ದೇಶಗಳು ಉಳಿಸಿಕೊಳ್ಳಬೇಕು ಎಂದು ವ್ಯಾಪಾರ ಮತ್ತು ಮಾನವ ಹಕ್ಕುಗಳ ಕುರಿತ ವಿಶ್ವಸಂಸ್ಥೆಯ 2011ರ ಮಾರ್ಗದರ್ಶಿ ತತ್ವಗಳಲ್ಲಿ ಒಂಬತ್ತನೆಯದು ಹೇಳುತ್ತದೆ. ಬಾಣೆಯ ಪ್ರಶ್ನೆಯನ್ನು ಅದರೊಂದಿಗೆ ಜೋಡಿಸಿದ್ದರೆ ಆ ತತ್ವ ನಮಗೆ ಪರೀಕ್ಷೆಗೆ ಬಾಯಿಪಾಠ ಮಾಡುವ ಸಾಲಿನಂತೆ ಕಾಣುತ್ತಿರಲಿಲ್ಲ.

ಹೊರಡುವ ಮುನ್ನ ಸಂಘಟಕರಲ್ಲಿ ಒಬ್ಬರನ್ನು ಹಿಡಿದು, ಮೂರನೆಯ ಗುಂಪನ್ನು ಹೊರಗೆ ನಿಲ್ಲಿಸಿದ್ದು ಬೇಕೆಂದೇ ಮಾಡಿದ ಪಾಠವೇ ಎಂದು ಕೇಳಿದೆ. ಹೌದು ಎಂದಿದ್ದರೆ ಈ ತರಬೇತಿಗೆ ಐದರಲ್ಲಿ ಐದು ನಕ್ಷತ್ರ ಕೊಡಲು ಸಿದ್ಧನಿದ್ದೆ. ಅವರು ಸಂಕೋಚದಿಂದ, ಇಲ್ಲ ಸಾರ್, ಆ ಗುಂಪಿಗೆ ಬೇರೆ ಚಟುವಟಿಕೆ ಯೋಚಿಸಿರಲಿಲ್ಲ, ಮುಂದಿನ ಸಲ ಏನಾದರೂ ಕೊಡುತ್ತೇವೆ ಎಂದರು.

ನನ್ನ ಲೆಕ್ಕದಲ್ಲಿ ಮೂರು ನಕ್ಷತ್ರ. ವಕೀಲರು ಮತ್ತು ಗುತ್ತಿಗೆ ಪತ್ರಕ್ಕೆ ಸಹಿ ಹಾಕಲಿರುವ ಬೆಳೆಗಾರರು ಮೊದಲ ದಿನದ ಬೆಳಗ್ಗೆ ಮತ್ತು ಎರಡನೆಯ ದಿನ ಪೂರ್ತಿ ಕೂರಬಹುದು. ತೆರಿಗೆಯ ಅವಧಿಯಲ್ಲಿ ಮಾರುಕಟ್ಟೆಯ ಕೆಲಸ ಮುಗಿಸಿಕೊಂಡರೆ ನಷ್ಟವಿಲ್ಲ. ಕಾರ್ಮಿಕ ಸಂಘಟನೆಗಳವರಿಗೆ ಈ ಶುಲ್ಕ ಹೆಚ್ಚು, ರಿಯಾಯಿತಿಯ ಮಾತು ಅರ್ಜಿ ನಮೂನೆಯಲ್ಲಿ ಎಲ್ಲಿಯೂ ಇಲ್ಲ. ಅಕ್ಕನ ಶುಲ್ಕವನ್ನು ಅವರ ಸಂಘದ ಹೆಂಗಸರು ಕೂಡಿಸಿ ಕಟ್ಟಿದ್ದರು. ನನ್ನ ಕಕ್ಷಿದಾರರ ಗುತ್ತಿಗೆ ಕರಡಿನಲ್ಲಿ ಆ ಮೂವತ್ತನೆಯ ಚಿಲ್ಲರೆ ಷರತ್ತನ್ನು ಹೊಡೆದುಹಾಕಿ, ಲೈನ್ ಮನೆಗಳಲ್ಲಿ ಈಗ ಇರುವ ಕುಟುಂಬಗಳ ವಾಸ ಮತ್ತು ಕೂಲಿಯ ಹೊಣೆ ಗುತ್ತಿಗೆದಾರರದೆಂದು ಒಂದು ಹೊಸ ಷರತ್ತು ಸೇರಿಸಿ ಕಳುಹಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.

ವಾರದ ನಂತರ ಸಂಸ್ಥೆಯವರು ಅಭಿಪ್ರಾಯ ಕೇಳಲು ಫೋನ್ ಮಾಡಿದ್ದರು. ಕೈಪಿಡಿಯ ‘ಆತಿಥೇಯ ರಾಜ್ಯ’ವನ್ನು ತಿದ್ದಿ, ನಾಗರಹೊಳೆಯನ್ನು ಸೇರಿಸಿ, ಕಾಫಿ ಯಂತ್ರವನ್ನು ತೆಗೆಯಿರಿ ಎಂದೆ. ಕೊನೆಯದನ್ನು ಕೂಡಲೇ ಒಪ್ಪಿಕೊಂಡರು. ಉಳಿದೆರಡನ್ನು ಸಮಿತಿಯ ಮುಂದಿಡುತ್ತೇವೆ ಎಂದರು.